ಸ್ನಾನದ ಮನೆಗೆ ಹೊಸ ಬಣ್ಣ, ಹೊಸ ನಲ್ಲಿ: ಹೊಂದಾಣಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೋಡೆ ಒಡೆಯದೆ, ಪೈಪುಗಳ ಜಾಗ ಬದಲಿಸದೆ, ಇರುವ ಸ್ನಾನದ ಮನೆಯನ್ನೇ ಸ್ವಲ್ಪ ಚೊಕ್ಕಟ ಮಾಡಿಕೊಳ್ಳಬೇಕು ಎನ್ನುವವರಿಗಾಗಿ ಈ ಪುಟ. ಪೇಂಟ್, ನಲ್ಲಿ, ಟವೆಲ್ ರಾಡ್, ಕನ್ನಡಿ, ದೀಪ, ಗ್ರೌಟ್ (ಟೈಲ್ಸ್ ನಡುವಿನ ಸಂದಿಗೆ ತುಂಬುವ ಗಾರೆ) ಇಷ್ಟರಲ್ಲೇ ಕೆಲಸ ಮುಗಿಯಬೇಕು ಎಂದುಕೊಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಮೊದಲು ಏನನ್ನು ಆರಿಸಬೇಕು? ಗೋಡೆಯ ಬಣ್ಣವನ್ನೋ, ನಲ್ಲಿಗಳನ್ನೋ?

ಎರಡೂ ಅಲ್ಲ. ಬದಲಾಯಿಸದೆ ಹಾಗೆಯೇ ಉಳಿಸಿಕೊಳ್ಳುವ ವಸ್ತುಗಳ ಪಟ್ಟಿಯನ್ನು ಮೊದಲು ಬರೆಯಿರಿ. ನೆಲದ ಟೈಲ್ಸ್, ಗೋಡೆಯ ಅರ್ಧದವರೆಗಿನ ಟೈಲ್ಸ್, ಕಮೋಡ್, ವಾಶ್‌ಬೇಸಿನ್, ಕಿಟಕಿಯ ಚೌಕಟ್ಟು, ಬಾಗಿಲು, ಗೋಡೆಯೊಳಗೆ ಹುದುಗಿರುವ ಶವರ್ ಮಿಕ್ಸರ್. ಸರಳ ನವೀಕರಣದಲ್ಲಿ ಕೋಣೆಯ ಬಹುಪಾಲು ಬಣ್ಣ ಈಗಾಗಲೇ ನಿರ್ಧಾರವಾಗಿ ಹೋಗಿರುತ್ತದೆ. ಆ ಬಣ್ಣಗಳು ಯಾವುವು ಎಂದು ಗುರುತಿಸಿ, ಅವುಗಳ ಜೊತೆ ಜಗಳವಾಡದ ಒಂದೆರಡನ್ನು ಸೇರಿಸುವುದಷ್ಟೇ ನಿಮ್ಮ ಕೆಲಸ.

ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಯಾವುದೋ ಚಿತ್ರದಲ್ಲಿ ಕಂಡ ಕಡು ಹಸಿರನ್ನು ಮೆಚ್ಚಿ ಡಬ್ಬ ತಂದು ಬಳಿದ ಮೇಲೆ, ನೆಲದ ಟೈಲ್ಸ್ ಇದ್ದಕ್ಕಿದ್ದಂತೆ ಕೊಳಕಾಗಿ ಕಾಣಿಸತೊಡಗುತ್ತದೆ. ಟೈಲ್ಸ್ ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ ಇದೆ. ಪಕ್ಕಕ್ಕೆ ಬಂದ ಬಣ್ಣ ಅದರೊಳಗಿನ ಹಳದಿಯನ್ನು ಎತ್ತಿ ತೋರಿಸಿದೆ, ಅಷ್ಟೇ.

ನಮ್ಮ ಟೈಲ್ಸ್ ಬೂದು ಬಣ್ಣದ್ದು. ಬೂದಿಗೆ ಎಲ್ಲವೂ ಹೊಂದುತ್ತದೆಯಲ್ಲವೇ?

ಹೊಂದುವುದಿಲ್ಲ. ಬೂದು ಬಣ್ಣದೊಳಗೆ ನೀಲಿ ಇರಬಹುದು, ಹಸಿರು ಇರಬಹುದು, ನೇರಳೆ ಇರಬಹುದು, ಕಂದು ಇರಬಹುದು. ಕೆನೆ ಬಣ್ಣದೊಳಗೆ ಗುಲಾಬಿಯೋ ಹಳದಿಯೋ ಅಡಗಿರುತ್ತದೆ. ಈ ಒಳಛಾಯೆ ಒಂಟಿಯಾಗಿ ನೋಡಿದಾಗ ಕಣ್ಣಿಗೆ ಬೀಳುವುದಿಲ್ಲ. ಪ್ರಿಂಟರಿಗೆ ಹಾಕುವ ಅಚ್ಚ ಬಿಳಿ ಹಾಳೆಯೊಂದನ್ನು ಟೈಲ್ಸ್ ಮೇಲೆ ಇಟ್ಟು, ಹಗಲಿನ ಬೆಳಕಿನಲ್ಲಿ ಎರಡನ್ನೂ ಒಟ್ಟಿಗೆ ನೋಡಿ. ಹಾಳೆಯ ಪಕ್ಕದಲ್ಲಿ ಟೈಲ್ಸ್ ತನ್ನ ನಿಜವಾದ ಒಲವನ್ನು ತೋರಿಸುತ್ತದೆ. ಇನ್ನೂ ಅನುಮಾನವಿದ್ದರೆ ಬೂದು ಬಣ್ಣದ ಬೇರೆ ಬೇರೆ ಮಾದರಿ ಚೀಟಿಗಳನ್ನು ಅದರ ಪಕ್ಕದಲ್ಲಿ ಸಾಲಾಗಿ ಇಡಿ. ಯಾವುದು ಟೈಲ್ಸ್‌ನೊಳಗೆ ಕರಗಿಹೋಗುತ್ತದೋ ಅದೇ ಅದರ ಕುಲ.

ಟೈಲ್ಸ್ ಮೇಲೆ ಕಲ್ಲಿನಂತೆ ಗೀರುಗಳು, ಚುಕ್ಕಿಗಳು ಇದ್ದರೆ ಕೆಲಸ ಸುಲಭ. ಆ ಗೀರುಗಳಲ್ಲೇ ಎರಡು ಮೂರು ಬಣ್ಣ ಇರುತ್ತವೆ. ಅವುಗಳಲ್ಲಿ ಅತಿ ತಿಳಿಯಾದುದನ್ನು ಗೋಡೆಗೆ, ಅತಿ ಗಾಢವಾದುದನ್ನು ಕನ್ನಡಿಯ ಚೌಕಟ್ಟಿಗೋ ಬೇಸಿನ್ ಕೆಳಗಿನ ಕಪಾಟಿಗೋ ತೆಗೆದುಕೊಂಡರೆ ತಪ್ಪುವ ಸಾಧ್ಯತೆ ಕಡಿಮೆ.

ತಲೆನೋವೇ ಬೇಡ, ಎಲ್ಲ ಗೋಡೆಗೂ ಬಿಳಿ ಬಳಿದರೆ?

ತಲೆನೋವು ನಿಜವಾಗಿ ಶುರುವಾಗುವುದೇ ಅಲ್ಲಿ. ಪೇಂಟ್ ಅಂಗಡಿಯಲ್ಲಿ ಬಿಳಿ ಎಂಬ ಹೆಸರಿನಲ್ಲಿ ಹತ್ತಾರು ಬಣ್ಣಗಳಿರುತ್ತವೆ. ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ, ಮತ್ತೊಂದರಲ್ಲಿ ಬೂದು. ಸ್ನಾನದ ಮನೆಯಲ್ಲಿ ಇವುಗಳ ಪಕ್ಕದಲ್ಲೇ ಕಮೋಡ್ ಮತ್ತು ಬೇಸಿನ್ ಕೂತಿರುತ್ತವೆ. ಇವುಗಳ ಬಿಳಿ ಸಾಮಾನ್ಯವಾಗಿ ತಣ್ಣನೆಯ, ಸ್ವಚ್ಛ ಬಿಳಿ. ಹಾಲಿನ ಕೆನೆಯಂಥ ಬಿಳಿಯನ್ನು ಗೋಡೆಗೆ ಬಳಿದರೆ ಕಮೋಡ್ ನೀಲಿಯಾಗಿಯೂ ಗೋಡೆ ಹಳೆಯದಾಗಿಯೂ ಕಾಣುತ್ತದೆ. ಎರಡು ಬಿಳಿಗಳ ನಡುವಿನ ಸಣ್ಣ ವ್ಯತ್ಯಾಸ ಕಣ್ಣಿಗೆ ತಪ್ಪಿನಂತೆ ತೋರುತ್ತದೆ. ದೊಡ್ಡ ವ್ಯತ್ಯಾಸವಾದರೆ ಅದು ಬೇಕೆಂದೇ ಮಾಡಿದ್ದು ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ.

ಹಾಗಾಗಿ ಇರುವುದು ಎರಡೇ ದಾರಿ. ಬಿಳಿಯೇ ಬೇಕೆಂದರೆ ಬೇಸಿನ್‌ನ ಬಿಳಿಗೆ ಸಾಧ್ಯವಾದಷ್ಟು ಹತ್ತಿರದ್ದನ್ನೇ ಹುಡುಕಿ. ಇಲ್ಲವಾದರೆ ಬಿಳಿಯಿಂದ ಧೈರ್ಯವಾಗಿ ದೂರ ಸರಿಯಿರಿ: ತಿಳಿ ಬೂದು, ಮಸುಕು ಹಸಿರು, ಮಣ್ಣಿನ ಬಣ್ಣ, ಹೀಗೆ. ನಡುವಿನ ಕೆನೆ ಬಣ್ಣಗಳಿಗೆ ಜಾಗವಿರುವುದು ಟೈಲ್ಸ್ ಕೂಡ ಕೆನೆಯಾಗಿದ್ದಾಗ ಮಾತ್ರ.

ಮಾದರಿ ಚೀಟಿಯ ಹಿಂಬದಿಯಲ್ಲಿ ಎಲ್‌ಆರ್‌ವಿ ಎಂಬ ಅಂಕಿ ಇದ್ದರೆ ಅದನ್ನೂ ನೋಡಿ. ಬಣ್ಣ ಎಷ್ಟು ಬೆಳಕನ್ನು ಮರಳಿ ಚೆಲ್ಲುತ್ತದೆ ಎಂಬುದರ ಅಳತೆ ಅದು. 0 ಎಂದರೆ ಪೂರ್ತಿ ಕಪ್ಪು, 100 ಎಂದರೆ ಪೂರ್ತಿ ಬಿಳಿ. ಕಿಟಕಿ ಚಿಕ್ಕದಾಗಿರುವ ಕೋಣೆಗೆ ಈ ಅಂಕಿ ಬಣ್ಣದ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಣ್ಣದ ಮಾದರಿಯನ್ನು ಪರೀಕ್ಷಿಸುವ ಸರಿಯಾದ ಕ್ರಮ ಯಾವುದು?

ಬೆರಳಗಲದ ಚೀಟಿಯನ್ನು ನೋಡಿ ತೀರ್ಮಾನಿಸಬೇಡಿ. ಗೋಡೆಗೆ ನೇರವಾಗಿ ಒಂದು ತೇಪೆ ಬಳಿಯುವುದೂ ಅಷ್ಟು ಒಳ್ಳೆಯದಲ್ಲ, ಏಕೆಂದರೆ ಸುತ್ತಲಿನ ಹಳೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ಬಿಳಿ ರಟ್ಟಿನ ತುಂಡಿಗೆ, ಎ4 ಹಾಳೆಗಿಂತ ಸಣ್ಣದಾಗದಂತೆ, ಎರಡು ಕೋಟ್ ಬಳಿದು ಪೂರ್ತಿ ಒಣಗಲು ಬಿಡಿ. ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆ ಪೇಂಟ್) ಸಾಮಾನ್ಯವಾಗಿ ಹಸಿಯಿದ್ದಾಗ ತಿಳಿಯಾಗಿಯೂ ಒಣಗಿದ ಮೇಲೆ ತುಸು ಗಾಢವಾಗಿಯೂ ಕಾಣುತ್ತದೆ. ಆ ರಟ್ಟನ್ನು ಕಮೋಡ್ ಪಕ್ಕ, ನೆಲದ ಟೈಲ್ಸ್‌ಗೆ ತಾಗಿಸಿ, ಕನ್ನಡಿಯ ಅಂಚಿಗೆ, ಕತ್ತಲು ಮೂಲೆಗೆ ಹೀಗೆ ಜಾಗ ಬದಲಿಸುತ್ತಾ ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ದೀಪದ ಬೆಳಕಿನಲ್ಲಿ ನೋಡಿ. ರಟ್ಟನ್ನು ನೆಲದ ಮೇಲೆ ಮಲಗಿಸದೆ ಗೋಡೆಗೆ ಒರಗಿಸಿಯೇ ನೋಡಬೇಕು. ಬೆಳಕು ಬೀಳುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ.

ಇನ್ನೊಂದು ಮಾತು. ನಾಲ್ಕು ಗೋಡೆಗೂ ಒಂದೇ ಬಣ್ಣ ಬಂದಾಗ ಗೋಡೆಗಳು ಒಂದರ ಮೇಲೊಂದು ಬಣ್ಣ ಚೆಲ್ಲುತ್ತವೆ. ರಟ್ಟಿನ ಮೇಲೆ ಹದವಾಗಿ ಕಂಡ ಹಳದಿ ಇಡೀ ಕೋಣೆಗೆ ಬಂದಾಗ ಕಿರುಚುತ್ತದೆ. ಎರಡು ಛಾಯೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಮಂಕಾಗಿರುವುದನ್ನೇ ಆರಿಸಿ.

ಅಂಗಡಿಯಲ್ಲಿ ಹೊಂದಿದ್ದ ಬಣ್ಣಗಳು ಮನೆಯಲ್ಲಿ ಏಕೆ ಹೊಂದುತ್ತಿಲ್ಲ?

ದೀಪದಿಂದಾಗಿ. ಎರಡು ವಸ್ತುಗಳ ಬಣ್ಣ ಒಂದು ಬೆಳಕಿನಲ್ಲಿ ಒಂದೇ ಎನಿಸಿ ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಪೇಂಟ್, ಟೈಲ್ಸ್, ಪ್ಲಾಸ್ಟಿಕ್‌ನಂಥ ಬೇರೆ ಬೇರೆ ವಸ್ತುಗಳನ್ನು ಹೊಂದಿಸುವಾಗ ಇದು ಹೆಚ್ಚು. ಆದ್ದರಿಂದ ಬಣ್ಣ ಆರಿಸುವ ಮೊದಲೇ ಬಲ್ಬ್ ಬದಲಿಸಿ. ನಂತರ ಬದಲಿಸಿದರೆ ಆರಿಸಿದ್ದೆಲ್ಲ ವ್ಯರ್ಥವಾಗಬಹುದು.

ಬಲ್ಬ್ ಪೆಟ್ಟಿಗೆಯ ಮೇಲೆ ಕೆಲ್ವಿನ್ ಅಂಕಿ ಇರುತ್ತದೆ. 2700 ಎಂದರೆ ಹಳೆಯ ಬುರುಡೆ ದೀಪದ ಹೊಂಬಣ್ಣ. 4000 ಹೆಚ್ಚುಕಡಿಮೆ ತಟಸ್ಥ. 6500 ನೀಲಿ ಬೆರೆತ ಬಿಳಿ. ಸ್ನಾನದ ಮನೆಗೆ 3000ದಿಂದ 4000ದ ನಡುವೆ ಇದ್ದರೆ ಸಾಕು. 6500ರ ಬೆಳಕಿನಲ್ಲಿ ಹಿತ್ತಾಳೆ ಬಣ್ಣದ ನಲ್ಲಿ ಕಳೆಗುಂದುತ್ತದೆ, ಮಣ್ಣಿನ ಬಣ್ಣದ ಗೋಡೆ ಸಪ್ಪೆಯಾಗುತ್ತದೆ, ಮುಖ ಜ್ವರ ಬಂದವರಂತೆ ಕಾಣುತ್ತದೆ. ಸಿಆರ್‌ಐ ಎಂಬ ಇನ್ನೊಂದು ಅಂಕಿ 90ಕ್ಕಿಂತ ಹೆಚ್ಚಿದ್ದರೆ ಬಣ್ಣಗಳು ನಿಜಕ್ಕೆ ಹತ್ತಿರವಾಗಿ ಕಾಣುತ್ತವೆ. ಒಂದೇ ಕೋಣೆಯಲ್ಲಿ ಎರಡು ಬಗೆಯ ಕೆಲ್ವಿನ್ ಬೇಡ. ಚಾವಣಿಯ ದೀಪ ಒಂದು ಬಣ್ಣ, ಕನ್ನಡಿಯ ದೀಪ ಇನ್ನೊಂದು ಬಣ್ಣ ಆದರೆ ಯಾವ ಪೇಂಟೂ ನೆಟ್ಟಗೆ ಕಾಣುವುದಿಲ್ಲ.

ಒಟ್ಟು ಎಷ್ಟು ಬಣ್ಣಗಳಿರಬಹುದು?

ಒಳಾಂಗಣ ವಿನ್ಯಾಸದವರು 60-30-10 ಎಂಬ ಲೆಕ್ಕ ಹೇಳುತ್ತಾರೆ: ಮುಖ್ಯ ಬಣ್ಣ 60 ಪಾಲು, ಜೊತೆಗಾರ 30, ಒಗ್ಗರಣೆಯಷ್ಟು 10. ಸಣ್ಣ ಕೋಣೆಯಲ್ಲಿ ಇದನ್ನು ಅಳತೆಪಟ್ಟಿ ಹಿಡಿದು ಪಾಲಿಸಬೇಕಿಲ್ಲ. ಬಿಳಿ ಪಾತ್ರೆಪರಿಕರ (ಕಮೋಡ್, ಬೇಸಿನ್), ಟೈಲ್ಸ್, ಗೋಡೆ ಸೇರಿ ಮೂರಾಯಿತು. ಲೋಹವೂ ಒಂದು ಬಣ್ಣವೇ. ಅದರ ಮೇಲೆ ಇನ್ನೊಂದಕ್ಕಿಂತ ಹೆಚ್ಚು ಸೇರಿಸಿದರೆ ಕಿಕ್ಕಿರಿಯುತ್ತದೆ.

ಕೋಣೆ ಚಿಕ್ಕದು. ಗಾಢ ಬಣ್ಣ ಬಳಿಯಲೇಬಾರದೇ?

ಬಳಿಯಬಹುದು. ಚಿಕ್ಕ ಕೋಣೆಯನ್ನು ಇನ್ನಷ್ಟು ಚಿಕ್ಕದಾಗಿಸುವುದು ಗಾಢ ಬಣ್ಣಕ್ಕಿಂತ ಹೆಚ್ಚಾಗಿ ತುಂಡು ತುಂಡಾದ ಬಣ್ಣ. ಟೈಲ್ಸ್ ಒಂದು ಬಣ್ಣ, ಅದರ ಮೇಲೆ ಗಾಢವಾದ ಅಂಚುಪಟ್ಟಿ, ಮೇಲೆ ಇನ್ನೊಂದು ಬಣ್ಣದ ಗೋಡೆ, ಅದರ ಮೇಲೆ ಬಿಳಿ ಚಾವಣಿ: ಹೀಗೆ ಅಡ್ಡಗೆರೆಗಳು ಹೆಚ್ಚಿದಷ್ಟೂ ಗೋಡೆ ಕುಳ್ಳಾಗುತ್ತದೆ. ಗೋಡೆ ಮತ್ತು ಚಾವಣಿಗೆ ಒಂದೇ ಬಣ್ಣ ಬಳಿದರೆ ಆ ಗೆರೆಗಳಲ್ಲಿ ಒಂದಾದರೂ ಅಳಿಯುತ್ತದೆ. ಆದರೆ ಗಾಢ ಬಣ್ಣದ ಗೋಡೆಯ ಮೇಲೆ ಸೋಪಿನ ಸಿಡಿತ, ನೀರಿನ ಬಿಳಿ ಕಲೆ ಎದ್ದು ಕಾಣುತ್ತವೆ. ಬೇಸಿನ್ ಹಿಂಬದಿಯನ್ನೂ ಶವರ್ ಪಕ್ಕವನ್ನೂ ಬಿಟ್ಟು ಬೇರೆ ಕಡೆ ಬಳಿಯಿರಿ.

ಕನ್ನಡಿಯ ಎದುರಿನ ಗೋಡೆಗೆ ಕಡು ಹಸಿರು ಬೇಡ. ಆ ಬಣ್ಣ ಮುಖದ ಮೇಲೆ ಬೀಳುತ್ತದೆ.

ಪೇಂಟ್ ಮ್ಯಾಟ್ ಇರಬೇಕೇ, ಹೊಳಪಿನದೇ?

ಮಾಮೂಲಿ ಮ್ಯಾಟ್ ಪೇಂಟ್ ಹಬೆಯನ್ನೂ ಒರೆಸುವುದನ್ನೂ ತಡೆದುಕೊಳ್ಳುವುದು ಕಷ್ಟ. ಪೂರ್ತಿ ಹೊಳಪಿನದು ಗೋಡೆಯ ಪ್ರತಿಯೊಂದು ಉಬ್ಬುತಗ್ಗನ್ನೂ, ಪುಟ್ಟಿ ಹಚ್ಚಿದ ಪ್ರತಿಯೊಂದು ತೇಪೆಯನ್ನೂ ಜಾಹೀರು ಮಾಡುತ್ತದೆ. ನಡುವಿನ ಸ್ಯಾಟಿನ್ ಅಥವಾ ಮಂದ ಹೊಳಪು ಸಾಮಾನ್ಯವಾಗಿ ಸರಿಹೋಗುತ್ತದೆ. ಸ್ನಾನದ ಮನೆಗೆಂದೇ ತಯಾರಾದ, ಬೂಷ್ಟು ತಡೆಯುವ ಮ್ಯಾಟ್ ಪೇಂಟ್‌ಗಳೂ ಇವೆ. ಚಾವಣಿಗೆ ಅದು ಒಳ್ಳೆಯದು. ಆದರೆ ಈಗಾಗಲೇ ಬೂಷ್ಟು ಬಂದಿದ್ದರೆ ಅದನ್ನು ತೊಳೆದು, ಕೊಂದು, ಒಣಗಿಸಿದ ಮೇಲೆಯೇ ಬಳಿಯಬೇಕು. ಎಕ್ಸಾಸ್ಟ್ ಫ್ಯಾನ್ ಕೆಟ್ಟಿದ್ದರೆ ಅದರ ದುರಸ್ತಿಗೆ ಪೇಂಟಿಗಿಂತ ಮೊದಲು ದುಡ್ಡು ಎತ್ತಿಡಿ.

ಒಂದೇ ಬಣ್ಣ ಮ್ಯಾಟ್‌ನಲ್ಲಿ ಒಂದು ರೀತಿ, ಹೊಳಪಿನಲ್ಲಿ ಇನ್ನೊಂದು ರೀತಿ ಕಾಣುತ್ತದೆ. ಮಾದರಿಯ ರಟ್ಟಿಗೂ ನೀವು ಕೊಳ್ಳಲಿರುವ ಫಿನಿಶ್‌ನಲ್ಲೇ ಬಳಿಯಿರಿ.

ನಲ್ಲಿ, ಟವೆಲ್ ರಾಡ್, ಕೊಕ್ಕೆ, ಬಾಗಿಲ ಹಿಡಿಕೆ: ಎಲ್ಲವೂ ಒಂದೇ ಲೋಹದ ಬಣ್ಣದಲ್ಲಿ ಇರಬೇಕೇ?

ಇರಬೇಕಿಲ್ಲ. ಎರಡು ಲೋಹಗಳವರೆಗೆ ಚೆನ್ನ. ಒಂದು ಯಜಮಾನ, ಇನ್ನೊಂದು ಅತಿಥಿ. ನೀರು ಬರುವ ವಸ್ತುಗಳೆಲ್ಲ, ಅಂದರೆ ಬೇಸಿನ್ ನಲ್ಲಿ, ಶವರ್, ಮಿಕ್ಸರ್ ಹಿಡಿಕೆ, ಹ್ಯಾಂಡ್ ಶವರ್, ಒಂದು ಬಣ್ಣದಲ್ಲಿರಲಿ. ನೀರು ಬಾರದವು, ಅಂದರೆ ಕನ್ನಡಿಯ ಚೌಕಟ್ಟು, ದೀಪ, ಕಪಾಟಿನ ಹಿಡಿಕೆ, ಇನ್ನೊಂದರಲ್ಲಿರಬಹುದು. ಹೀಗೆ ಗುಂಪು ಮಾಡಿದರೆ ಬೆರಕೆ ಲೆಕ್ಕಾಚಾರದ್ದಾಗಿ ಕಾಣುತ್ತದೆ. ಬೇಸಿನ್ ನಲ್ಲಿ ಕಪ್ಪು, ಪಕ್ಕದ ಸೋಪಿನ ತಟ್ಟೆ ಕ್ರೋಮ್, ಟವೆಲ್ ರಾಡ್ ಚಿನ್ನದ ಬಣ್ಣ ಎಂದಾದರೆ ಉಳಿದುಬಿದ್ದ ಸಾಮಾನು ತಂದು ಜೋಡಿಸಿದಂತಿರುತ್ತದೆ.

ಬಿಳಿಯಂತೆ ಲೋಹಕ್ಕೂ ಆ ಹತ್ತಿರದ ಬಣ್ಣಗಳ ಕಾಟ ಇದೆ. ಕ್ರೋಮ್‌ನಲ್ಲಿ ತಣ್ಣನೆಯ ನೀಲಿ ಛಾಯೆ, ನಿಕ್ಕಲ್‌ನಲ್ಲಿ ಬೆಚ್ಚನೆಯ ತುಸು ಹಳದಿ ಛಾಯೆ. ಎರಡನ್ನೂ ಒಂದೇ ಗೋಡೆಗೆ ತೂಗುಹಾಕಿದರೆ ಒಂದು ಇನ್ನೊಂದರ ಮಾಸಿದ ರೂಪದಂತೆ ಕಾಣುತ್ತದೆ. ಕ್ರೋಮ್ ಜೊತೆ ಕಪ್ಪು, ಕ್ರೋಮ್ ಜೊತೆ ಹಿತ್ತಾಳೆ, ನಿಕ್ಕಲ್ ಜೊತೆ ಕಂಚು, ಇವು ಸಲೀಸಾಗಿ ನಡೆಯುತ್ತವೆ.

ಒಂದು ಎಚ್ಚರಿಕೆ: "ಬ್ರಶ್ಡ್ ಗೋಲ್ಡ್" ಎಂಬ ಒಂದೇ ಹೆಸರಿನಲ್ಲಿ ಎರಡು ಕಂಪನಿಗಳು ಎರಡು ಬಣ್ಣ ಮಾರುತ್ತವೆ. ಒಂದು ತಿಳಿ ಹಳದಿ, ಇನ್ನೊಂದು ಕೆಂಪು ಬೆರೆತದ್ದು. ಯಜಮಾನ ಲೋಹದ ವಸ್ತುಗಳನ್ನು ಒಂದೇ ತಯಾರಕರ ಒಂದೇ ಸರಣಿಯಿಂದ ತೆಗೆದುಕೊಳ್ಳಿ. ಕ್ರೋಮ್‌ಗೆ ಈ ತೊಂದರೆ ತೀರಾ ಕಡಿಮೆ. ಯಾರದ್ದು ತಂದರೂ ಬಹುಪಾಲು ಹೊಂದುತ್ತದೆ.

ಯಾವ ಫಿನಿಶ್ ದೀರ್ಘಕಾಲ ಬಾಳುತ್ತದೆ?

ಕ್ರೋಮ್ ಅನ್ನು ಹಳೆಯ ಕಾಲದ್ದೆಂದು ಮೂಗು ಮುರಿಯುವವರಿದ್ದಾರೆ. ಆದರೆ ಅದರಷ್ಟು ಕಷ್ಟಸಹಿಷ್ಣು ಫಿನಿಶ್ ಆ ಬೆಲೆಗೆ ಬೇರೆ ಸಿಗುವುದಿಲ್ಲ. ಒಳ್ಳೆಯ ನಲ್ಲಿಯ ಒಡಲು ಹಿತ್ತಾಳೆ, ಅದರ ಮೇಲೆ ನಿಕ್ಕಲ್ ಲೇಪ, ಅದರ ಮೇಲೆ ಒಂದು ಮೈಕ್ರಾನ್‌ಗಿಂತಲೂ ತೆಳುವಾದ ಕ್ರೋಮಿಯಂ. ಇಷ್ಟು ತೆಳುವಾದರೂ ಗಟ್ಟಿ. ಒಣ ಬಟ್ಟೆಯಿಂದ ಒರೆಸಿದರೆ ಮತ್ತೆ ಫಳಫಳ. ಬೆರಳಚ್ಚು ಮತ್ತು ನೀರಿನ ಹನಿಯ ಗುರುತು ಕಾಣುತ್ತದೆ ಎಂಬುದೊಂದೇ ದೂರು. ಬ್ರಶ್ ಮಾಡಿದ, ಅಂದರೆ ನವಿರು ಗೆರೆ ಮೂಡಿಸಿ ಹೊಳಪು ತಗ್ಗಿಸಿದ, ನಿಕ್ಕಲ್ ಅಥವಾ ಸ್ಟೀಲ್ ಈ ಗುರುತುಗಳನ್ನು ಚೆನ್ನಾಗಿ ಮರೆಮಾಚುತ್ತದೆ. ಮಕ್ಕಳಿರುವ ಮನೆಗೆ ನಾನು ಹೇಳುವುದು ಅದನ್ನೇ.

ಬಣ್ಣದ ಲೋಹ ಬೇಕೆಂದರೆ ಪಿವಿಡಿ ಎಂದು ಬರೆದಿದೆಯೇ ನೋಡಿ. ನಿರ್ವಾತ ಕೋಣೆಯಲ್ಲಿ ಲೋಹದ ಆವಿಯನ್ನು ಮೇಲ್ಮೈಗೆ ಅಂಟಿಸುವ ವಿಧಾನ ಇದು. ಬರೀ ಮೆರುಗೆಣ್ಣೆ ಹಚ್ಚಿದ ಚಿನ್ನದ ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಲೇಪವೇ ಇಲ್ಲದ ಹಿತ್ತಾಳೆಯೂ ಸಿಗುತ್ತದೆ. ಅದು ಗಾಳಿಗೆ, ನೀರಿಗೆ, ಕೈಬೆವರಿಗೆ ಕಂದುತ್ತಾ ಹೋಗುತ್ತದೆ; ಹಿಡಿಯುವ ಜಾಗ ಮಾತ್ರ ಹೊಳೆಯುತ್ತಿರುತ್ತದೆ. ಅದನ್ನು ಚಂದ ಎನ್ನುವವರು ಕೊಳ್ಳಲಿ. ಕಂದಿತೆಂದು ಹುಣಸೆಹಣ್ಣು ಹಿಡಿದು ಕೂರುವವರಿಗೆ ಅದು ಜನ್ಮವಿಡೀ ಚಾಕರಿ.

ಕಪ್ಪು ಮ್ಯಾಟ್ ನಲ್ಲಿ ಹಾಕಿಸಬಹುದೇ?

ನಿಮ್ಮ ನೀರನ್ನು ಕೇಳಿ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಹನಿ ಆರಿದಲ್ಲಿ ಬಿಳಿ ಕಲೆ ಉಳಿಯುತ್ತದೆ. ಕ್ರೋಮ್ ಮೇಲೆ ಅದು ಮಬ್ಬು, ಕಪ್ಪಿನ ಮೇಲೆ ಸುಣ್ಣದ ಚುಕ್ಕಿ. ನಲ್ಲಿಯ ಬುಡದಲ್ಲಿ, ಬೇಸಿನ್‌ಗೆ ತಾಗುವ ಆ ಸಣ್ಣ ಉಂಗುರದ ಸುತ್ತ ಮೊದಲು ಬಿಳಿ ವರ್ತುಲವೊಂದು ಕಟ್ಟುತ್ತದೆ. ಕೆರೆದರೆ ಲೇಪ ಹೋಗುತ್ತದೆ, ಬಿಟ್ಟರೆ ದಪ್ಪವಾಗುತ್ತದೆ. ನಿಮ್ಮ ಈಗಿನ ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟಿದ್ದರೆ ಕಪ್ಪನ್ನು ಕನ್ನಡಿಯ ಚೌಕಟ್ಟಿಗೂ ಕೊಕ್ಕೆಗಳಿಗೂ ಇಟ್ಟುಕೊಂಡು, ನಲ್ಲಿಗೆ ಬೇರೆ ಆರಿಸಿ.

ಕಲೆ ತೆಗೆಯಲು ಬಲವಾದ ಆಮ್ಲವನ್ನು ಯಾವ ಫಿನಿಶ್‌ಗೂ ತಾಗಿಸಬೇಡಿ. ಕ್ರೋಮ್ ಕೂಡ ಸುಟ್ಟುಹೋಗುತ್ತದೆ. ಬ್ಲೀಚ್ ಮತ್ತು ಆಮ್ಲವನ್ನು ಎಂದಿಗೂ ಒಟ್ಟಿಗೆ ಬಳಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲ, ಮುಚ್ಚಿದ ಸಣ್ಣ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ.

ಗೋಡೆಯೊಳಗಿನ ಶವರ್ ಮಿಕ್ಸರ್ ಕ್ರೋಮ್ ಇದೆ. ಉಳಿದದ್ದನ್ನು ಬೇರೆ ಬಣ್ಣಕ್ಕೆ ಬದಲಿಸಬಹುದೇ?

ಹೊರಗೆ ಕಾಣುವ ತಟ್ಟೆ ಮತ್ತು ಹಿಡಿಕೆಯನ್ನಷ್ಟೇ ಬದಲಿಸಲು ಹಲವು ಬಾರಿ ಸಾಧ್ಯವಿದೆ. ಆದರೆ ಒಳಗಿನ ಕವಾಟದ ತಯಾರಕರದ್ದೇ, ಅದಕ್ಕೆ ಹೊಂದುವ ಮಾದರಿಯದ್ದೇ ಬೇಕು. ಅದು ಸಿಗುವುದು ಖಚಿತವಾಗುವವರೆಗೆ ಬೇರೆ ಏನನ್ನೂ ಕೊಳ್ಳಬೇಡಿ. ಸಿಗದಿದ್ದರೆ ಕ್ರೋಮ್ ಅನ್ನೇ ಯಜಮಾನನನ್ನಾಗಿ ಒಪ್ಪಿಕೊಳ್ಳಿ. ಟೈಲ್ಸ್ ಒಡೆದು ಕವಾಟ ಬದಲಿಸುವುದು ಸರಳ ನವೀಕರಣವಲ್ಲ.

ಮರೆತುಹೋಗುವ ಸಣ್ಣ ಲೋಹಗಳೂ ಇವೆ: ಬೇಸಿನ್ ಕೆಳಗಿನ ಬಾಟಲ್ ಟ್ರ್ಯಾಪ್ (ಕೊಳೆ ನೀರು ಹೋಗುವ ಬಾಟಲಿಯಾಕಾರದ ಕೊಳವೆ), ಆ್ಯಂಗಲ್ ವಾಲ್ವ್ (ಗೋಡೆಯಿಂದ ಬರುವ ನೀರನ್ನು ನಿಲ್ಲಿಸುವ ಸಣ್ಣ ನಲ್ಲಿ), ನೆಲದ ನೀರು ಹೋಗುವ ಜಾಲರಿ, ಕಮೋಡ್ ಫ್ಲಶ್‌ನ ಗುಂಡಿ, ಸೀಟಿನ ಕೀಲು. ಬೇಸಿನ್ ಕೆಳಗೆ ಕಪಾಟು ಇಲ್ಲದಿದ್ದರೆ ಟ್ರ್ಯಾಪ್ ಬಾಗಿಲಿನಿಂದಲೇ ಕಾಣುತ್ತದೆ. ಪಟ್ಟಿಯಲ್ಲಿ ಇವನ್ನೂ ಸೇರಿಸಿ.

ಟೈಲ್ಸ್ ಚೆನ್ನಾಗಿದೆ, ಆದರೂ ಕೋಣೆ ಹಳೆಯದಾಗಿ ಕಾಣುತ್ತದೆ. ಏನು ಮಾಡಲಿ?

ಗ್ರೌಟ್ ನೋಡಿ. ಹತ್ತರಲ್ಲಿ ಎಂಟು ಕಡೆ ಕೊಳಕು ಇರುವುದು ಟೈಲ್ಸ್ ನಡುವಿನ ಸಂದಿಯಲ್ಲಿ. ಅದನ್ನು ಉಜ್ಜಿ ತೊಳೆದು ಗ್ರೌಟ್‌ಗೆಂದೇ ಇರುವ ಬಣ್ಣ ಹಚ್ಚಬಹುದು. ಪುಡಿಯಾಗಿ ಉದುರುತ್ತಿದ್ದರೆ ಕೆರೆದು ಹೊಸದನ್ನು ತುಂಬಬೇಕು. ಟೈಲ್ಸ್‌ಗೆ ಹತ್ತಿರದ ಬಣ್ಣದ ಗ್ರೌಟ್ ಗೋಡೆಯನ್ನು ಒಂದೇ ಹಾಸಿನಂತೆ ತೋರಿಸುತ್ತದೆ. ಎದುರು ಬಣ್ಣದ್ದು ಪ್ರತಿಯೊಂದು ಗೆರೆಯನ್ನೂ ಎಣಿಸಿ ತೋರಿಸುತ್ತದೆ. ಹಾಗಾಗಿ ಟೈಲ್ಸ್ ಸೊಟ್ಟಪಟ್ಟ ಕೂರಿಸಿದ್ದರೆ ಬಿಳಿ ಟೈಲ್ಸ್‌ಗೆ ಕಪ್ಪು ಗ್ರೌಟ್‌ನ ಆಸೆ ಬಿಡಿ. ನೆಲಕ್ಕಂತೂ ಬಿಳಿ ಗ್ರೌಟ್ ಬೇಡವೇ ಬೇಡ. ನಡು ಬೂದು ಒಳ್ಳೆಯದು, ಎಪಾಕ್ಸಿ (ರಾಳದಿಂದ ಮಾಡಿದ ಗ್ರೌಟ್) ಆದರೆ ಕಲೆ ಹೀರುವುದೂ ಇಲ್ಲ. ಸಿಮೆಂಟ್ ಗ್ರೌಟ್ ಹಸಿಯಿದ್ದಾಗ ಗಾಢವಾಗಿ, ಒಣಗಿದ ಮೇಲೆ ತಿಳಿಯಾಗಿ ಕಾಣುತ್ತದೆ, ಪೇಂಟಿಗೆ ತದ್ವಿರುದ್ಧ. ಒಂದು ಮೂಲೆಯಲ್ಲಿ ತುಂಬಿ, ಒಣಗಿಸಿ ನೋಡಿ.

ಮೂಲೆಗಳ ಸಿಲಿಕೋನ್ (ಸಂದಿ ಮುಚ್ಚುವ ರಬ್ಬರಿನಂಥ ಅಂಟು) ಕೂಡ ಗ್ರೌಟ್‌ನ ಬಣ್ಣಕ್ಕೆ ಹೊಂದಬೇಕು. ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ. ಬೂದು ಗೋಡೆಯ ಮೂಲೆಯಲ್ಲಿ ದಪ್ಪನೆಯ ಬಿಳಿ ಸಿಲಿಕೋನ್ ಎಳೆ ಇಡೀ ಕೆಲಸವನ್ನು ಅಗ್ಗವಾಗಿ ಕಾಣಿಸುತ್ತದೆ. ಕನ್ನಡಿಯ ಹಿಂದೆ ಮತ್ತು ಅಮೃತಶಿಲೆಗೆ ವಿನೆಗರ್ ವಾಸನೆ ಬರುವ ಬಗೆಯದನ್ನು ಬಳಸದೆ ನ್ಯೂಟ್ರಲ್ ಬಗೆಯದನ್ನು ಕೇಳಿ ಪಡೆಯಿರಿ.

ಟೈಲ್ಸ್ ಮೇಲೆಯೇ ಪೇಂಟ್ ಮಾಡಬಹುದೇ?

ಬೇಸಿನ್ ಹಿಂದಿನ ಗೋಡೆಗೆ, ನೀರು ನೇರವಾಗಿ ಬೀಳದ ಜಾಗಕ್ಕೆ, ಸರಿಯಾಗಿ ಉಜ್ಜಿ, ಜಿಡ್ಡು ತೆಗೆದು, ತಕ್ಕ ಪ್ರೈಮರ್ ಹಾಕಿದರೆ ಮಾಡಬಹುದು. ಶವರ್ ಕೆಳಗೆ ಮತ್ತು ನೆಲಕ್ಕೆ ನನ್ನ ಉತ್ತರ "ಬೇಡ".

ಕಮೋಡ್ ಮತ್ತು ಬೇಸಿನ್ ಹಳೆಯ ಗುಲಾಬಿ ಬಣ್ಣದವು. ಬದಲಿಸಲು ಸದ್ಯ ಆಗುವುದಿಲ್ಲ.

ಅವನ್ನು ಮರೆಮಾಚಲು ಹೋಗಬೇಡಿ. ಅಚ್ಚ ಬಿಳಿಯ ಪಕ್ಕದಲ್ಲಿ ಅವು ಇನ್ನೂ ಗುಲಾಬಿಯಾಗುತ್ತವೆ. ಗೋಡೆಗೆ ಅದೇ ಗುಲಾಬಿಯ ಹತ್ತು ಪಾಲು ತಿಳಿಯಾದ, ಬೂದು ಬೆರೆತ ಛಾಯೆ ಬಳಿದರೆ ಪಾತ್ರೆಗಳು ಹಿನ್ನೆಲೆಗೆ ಸರಿಯುತ್ತವೆ. ಅಥವಾ ಎದುರಿನ ಬಣ್ಣವಾದ ಮಸುಕು ಹಸಿರನ್ನು ತಂದು ಗುಲಾಬಿಯನ್ನು ಬೇಕೆಂದೇ ಆರಿಸಿದ್ದು ಎಂಬಂತೆ ನಿಲ್ಲಿಸಿ. ಹಳೆಯ ತಿಳಿನೀಲಿ ಪಾತ್ರೆಗಳಿಗೆ ತಣ್ಣನೆಯ ಬೂದು ಮತ್ತು ಕ್ರೋಮ್ ಒಳ್ಳೆಯ ಜೊತೆ. ಒಂದನ್ನು ಮಾತ್ರ ಬಿಳಿಯದಕ್ಕೆ ಬದಲಿಸಿ ಇನ್ನೊಂದನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ನೆಲದ ಟೈಲ್ಸ್ ಮಾತ್ರ ಹೊಸದು ಹಾಕಿಸುತ್ತಿದ್ದೇವೆ. ಹೊಳಪಿನದು ಬೇಡವೇ?

ಬೇಡ. ಒದ್ದೆ ನೆಲದಲ್ಲಿ ಚಂದಕ್ಕಿಂತ ಕಾಲು ನಿಲ್ಲುವುದು ಮುಖ್ಯ. ಪೆಟ್ಟಿಗೆಯ ಮೇಲೆ ಆರ್9ರಿಂದ ಆರ್13ರವರೆಗೆ ಜಾರದಿರುವಿಕೆಯ ದರ್ಜೆ ಇರಬಹುದು. ಬರಿಗಾಲಿನ ಒದ್ದೆ ನೆಲಕ್ಕೆ ಎ, ಬಿ, ಸಿ ಎಂಬ ಬೇರೆ ದರ್ಜೆಯೂ ಇದ್ದು, ಅದರಲ್ಲಿ ಸಿ ಹೆಚ್ಚು ಹಿಡಿತದ್ದು. ಸಣ್ಣ ಟೈಲ್ಸ್‌ಗೆ ಸಂದಿಗಳು ಹೆಚ್ಚಿರುವುದರಿಂದ ಹಿಡಿತವೂ ಹೆಚ್ಚು. ಗೋಡೆ ಹೊಳಪು, ನೆಲ ಮ್ಯಾಟ್ ಎಂಬ ಜೋಡಿ ನೋಡಲೂ ಚೆನ್ನಾಗಿರುತ್ತದೆ. ಎಲ್ಲ ಪೆಟ್ಟಿಗೆಗಳ ಮೇಲಿನ ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ, ಶೇಕಡ 10ರಷ್ಟು ಹೆಚ್ಚು ತನ್ನಿ.

ಟವೆಲ್, ಪರದೆ, ಕಾಲೊರಸುಗಳನ್ನು ಯಾವಾಗ ಆರಿಸಬೇಕು?

ಕೊನೆಗೆ. ಬಟ್ಟೆಗೆ ಬಣ್ಣ ಹುಡುಕುವುದು ಸುಲಭ, ಟವೆಲ್‌ಗೆ ತಕ್ಕ ಟೈಲ್ಸ್ ಹುಡುಕುವುದು ಕಷ್ಟ. ಆ 10 ಪಾಲಿನ ಬಣ್ಣವನ್ನು ಬಟ್ಟೆಯಲ್ಲೇ ತಂದರೆ ಬೇಸರವಾದಾಗ ಬದಲಿಸುವುದಕ್ಕೂ ಖರ್ಚಿಲ್ಲ.

ಕೆಲಸ ಮುಗಿದ ಮೇಲೆ ಏನೇನು ಎತ್ತಿಡಬೇಕು?

ಪೇಂಟ್ ಡಬ್ಬದ ಮುಚ್ಚಳದ ಮೇಲಿನ ಬಣ್ಣದ ಸಂಕೇತ, ಫಿನಿಶ್‌ನ ಹೆಸರು, ಗ್ರೌಟ್‌ನ ಬಣ್ಣದ ಸಂಖ್ಯೆ, ಟೈಲ್ಸ್ ಪೆಟ್ಟಿಗೆಯ ಶೇಡ್ ಸಂಖ್ಯೆ, ನಲ್ಲಿಯ ಮಾದರಿ ಸಂಖ್ಯೆ. ಇವುಗಳ ಫೋಟೊ ತೆಗೆದು, ಜೊತೆಗೆ ಚೀಟಿಯಲ್ಲಿ ಬರೆದು ಬೇಸಿನ್ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಉಳಿದ ಪೇಂಟನ್ನು ಸಣ್ಣ ಗಾಜಿನ ಶೀಶೆಗೆ ತುಂಬಿ ಬಿಗಿಯಾಗಿ ಮುಚ್ಚಿಡಿ. ಅರ್ಧ ಖಾಲಿ ಡಬ್ಬದಲ್ಲಿ ಅದು ಬೇಗ ಕೆನೆಗಟ್ಟುತ್ತದೆ. ಹೊಸ ಪೇಂಟ್ ಮುಟ್ಟಿದರೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಗೋಡೆಯನ್ನು ಉಜ್ಜಬೇಡಿ, ಸ್ನಾನವಾದ ಮೇಲೆ ಫ್ಯಾನ್ ಸ್ವಲ್ಪ ಹೊತ್ತು ಓಡುತ್ತಿರಲಿ.